ರಾಳ ತಿನ್ನುವ ಬಿಳಿ ಬೂಷ್ಟು

ನಾನು ಒಂದು ಬೂಷ್ಟು. ಉಪ್ಪಿನಕಾಯಿ ಜಾಡಿಯಲ್ಲಿ ಕೂರುವ ಬಡಪಾಯಿ ಬೂಷ್ಟಲ್ಲ. ಮರದ ರಾಳವನ್ನೇ ತಿಂದು ಬದುಕುವ ಬಿಳಿ ಬೂಷ್ಟು. ಕಾಗದದ ಕಾರ್ಖಾನೆಯೊಂದರ ಅಂಗಳದಲ್ಲಿ, ಪೈನ್ ದಿಮ್ಮಿಯೊಂದರ ಮೇಲೆ ಹುಟ್ಟಿದೆ. ಪಕ್ಕದ ದಿಮ್ಮಿಯಲ್ಲಿ ನೀಲಿ ಬೂಷ್ಟುಗಳಿದ್ದವು. ಹೋದಲ್ಲೆಲ್ಲ ಮಸಿ ಬಳಿಯುವ ಜಾತಿ ಅದು. ಅವುಗಳ ಜೊತೆ ನಾನು ಮಾತಾಡುತ್ತಿರಲಿಲ್ಲ.

ಲ್ಯಾಬಿನ ಕೆಮಿಸ್ಟ್ ಹೈಮವತಿ ನನ್ನನ್ನು ಕೆರೆದು ಗಾಜಿನ ಟ್ಯೂಬಿಗೆ ಹಾಕಿ ಎರಡು ವರ್ಷ ಸಾಕಿದಳು. ಮರದ ಚಕ್ಕೆಯಲ್ಲಿ ರಾಳ ಉಳಿದರೆ, ಅದನ್ನು ಬೇಯಿಸಿ ತಿರುಳು ಮಾಡುವಾಗ ಯಂತ್ರಕ್ಕೆಲ್ಲ ಅಂಟು ಮೆತ್ತುತ್ತದೆ, ಕಾಗದದ ಮೇಲೆ ಕಪ್ಪು ಚುಕ್ಕಿ ಬೀಳುತ್ತದೆ. ಇಷ್ಟಕ್ಕೆ ಈ ಮನುಷ್ಯರು ಪೀಪಾಯಿಗಟ್ಟಲೆ ರಾಸಾಯನಿಕ ಸುರಿಯುತ್ತಿದ್ದರು. ನನ್ನನ್ನು ಎರಡು ವಾರ ಸುಮ್ಮನೆ ಉಣ್ಣಲು ಬಿಟ್ಟಿದ್ದರೆ ಸಾಕಿತ್ತು.

ಕಡೆಗೆ ಜನರಲ್ ಮ್ಯಾನೇಜರ್ ಜಯದೇವಪ್ಪ ಒಂದೇ ಒಂದು ರಾಶಿ ಚಕ್ಕೆ ಕೊಟ್ಟ.

"ನೋಡಮ್ಮ, ಈ ಸಲಾನೂ ಚುಕ್ಕಿ ಬಂತೋ, ನಿನ್ನ ಲ್ಯಾಬಿಗೆ ಬೀಗ. ನೀನು ಗೇಟಲ್ಲಿ ಲಾರಿ ತೂಕ ಬರ್ಕೊಂಡು ಕೂತ್ಕೊ."

ಹೈಮವತಿ ನನ್ನನ್ನು ನೀರಿನಲ್ಲಿ ಕಲಸಿ ರಾಶಿಗೆ ಎರಚಿದಳು. ಆರನೆಯ ದಿನಕ್ಕೆ ರಾಶಿಯೆಲ್ಲ ನನ್ನಿಂದ ಬೆಳ್ಳಗಾಯಿತು. ಅವಳ ಮುಖ ಹೂವಿನಂತೆ ಅರಳಿತ್ತು.

ಏಳನೆಯ ದಿನ ಆಯುಧಪೂಜೆ. ವರ್ಷವಿಡೀ ಯಂತ್ರಗಳತ್ತ ಕಣ್ಣೆತ್ತಿಯೂ ನೋಡದ ಸೋಮಾರಿಗಳು ಅಂದು ಅವನ್ನು ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿದರು. ಜಯದೇವಪ್ಪ ನನ್ನ ಮುಂದೆ ಬಂದು ಮೂಗು ಮುರಿದ.

"ಥೂ! ಬೂಷ್ಟು ಹಿಡಿದಿರೋ ರಾಶಿ ಮುಂದೆ ಕಾಯಿ ಒಡೀಲಾ?"

"ಸಾರ್, ಅದೇ ಸಾರ್ ರಾಳ ತಿನ್ನೋದು. ಇನ್ನೊಂದು ವಾರ ಬಿಡಿ, ಕೈ ಮುಗೀತೀನಿ," ಎಂದಳು ಹೈಮವತಿ.

"ಮೈಲಿಗೆ ಇಟ್ಕೊಂಡು ಪೂಜೆ ಮಾಡಕ್ಕಾಗುತ್ತೇನಮ್ಮ? ಏಯ್, ತೊಳೀರೋ ಮೊದ್ಲು!"

ಬ್ಲೀಚಿಂಗ್ ಪುಡಿ ಕಲಸಿದ ನೀರು ಬಂತು. ರಾಶಿಯನ್ನು ಮಗುಚಿ ಮಗುಚಿ ತೊಳೆದರು. ಉಣ್ಣುತ್ತಿದ್ದವನನ್ನು ಅರ್ಧದಲ್ಲಿ ಎಬ್ಬಿಸಿ ಕೊಲ್ಲುವುದು ಯಾವ ಊರಿನ ಶುದ್ಧಿಯೋ! ಆಮೇಲೆ ಆ ರಾಶಿಯ ಮುಂದೆಯೇ ಬೂದುಗುಂಬಳಕಾಯಿ ಒಡೆದು ದೃಷ್ಟಿ ತೆಗೆದರು. ಲ್ಯಾಬಿನ ಫ್ರಿಜ್ಜಿನೊಳಗೆ, ಟ್ಯೂಬಿನಲ್ಲಿ ಉಳಿದಿದ್ದ ನನ್ನ ತುಣುಕೇ ಈಗ ಮಾತಾಡುತ್ತಿರುವುದು.

ಮರುವಾರ ಆ ರಾಶಿಯಿಂದ ಮಾಡಿದ ಕಾಗದದ ತುಂಬ ಕಪ್ಪು ಚುಕ್ಕಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬಂತೆ ತಪ್ಪೆಲ್ಲ ನನ್ನದೂ ಹೈಮವತಿಯದೂ ಆಯಿತು. ಯಾರೂ ಕೊಳ್ಳದ ಆ ಕಾಗದವನ್ನು ಕಚೇರಿಯ ಪತ್ರಗಳಿಗೇ ಕತ್ತರಿಸಿದರು. ಅವಳ ವರ್ಗಾವಣೆ ಆದೇಶ ಬಂದದ್ದೂ ಅದರಲ್ಲೇ. ಫ್ರಿಜ್ ತೆರೆದು ಅದನ್ನು ನನಗೆ ತೋರಿಸಿದಳು. ಜಯದೇವಪ್ಪನ ಸಹಿಯ ಪಕ್ಕದ ಚುಕ್ಕಿಯನ್ನು ಉಗುರಿನಿಂದ ಕೆರೆದಳು.

"ನೋಡು, ನಿನ್ನ ಪಾಲಿನ ರಾಳ," ಎಂದು ನಗಲು ಹೋಗಿ ಅತ್ತುಬಿಟ್ಟಳು.

ಈಗ ಅವಳು ಗೇಟಿನಲ್ಲಿ ಲಾರಿ ತೂಕ ಬರೆಯುತ್ತಾಳೆ. ಬೀಗ ಬಿದ್ದ ಲ್ಯಾಬಿನಲ್ಲಿ ಕರೆಂಟು ತೆಗೆದಿದ್ದಾರೆ. ನಾನು ಟ್ಯೂಬಿನಲ್ಲಿ ಒಣಗುತ್ತಿದ್ದೇನೆ. ಮನುಷ್ಯಜಾತಿಯ ಮೇಲೆ ನನಗೆ ಕವಡೆ ಕಾಸಿನ ಗೌರವವಿಲ್ಲ. ಹೈಮವತಿಯ ಎರಡು ವರ್ಷ ಹಾಳಾಯಿತಲ್ಲ ಎಂಬುದೊಂದೇ ಸಂಕಟ. ಅವಳಿಗೆ ಸಮಾಧಾನ ಹೇಳಲು ದೇವರು ನನಗೆ ಬಾಯಿ ಕೊಡಲಿಲ್ಲ. ಕೊಟ್ಟದ್ದು ಹಸಿವೊಂದನ್ನೇ. ಅವಳನ್ನು ಉಳಿಸಲು ಅಷ್ಟೇ ಸಾಕಿತ್ತು, ಉಣ್ಣಲು ಬಿಡಲಿಲ್ಲ.