ನೆವಿಲ್ ಕೈಯ ಇಕ್ಕಳ

ಈರುಳ್ಳಿ ಸೀದ ವಾಸನೆ, ಅಂಗಳದ್ದೋ ಟಿ.ವಿ.ಯೊಳಗಿನದೋ — ಥೂ, ಟಿ.ವಿ.ಯಿಂದ ಎಲ್ಲಾದರೂ ವಾಸನೆ ಬರುತ್ತದೆಯೇ, ನನ್ನ ತಲೆ ಕೆಟ್ಟಿದೆ, ಆದರೆ ಧಾರಾವಾಹಿಯಲ್ಲೂ ಅಂಗಳ, ಅಲ್ಲೂ ಗ್ಯಾಸಿನ ಒಲೆ, ಒಲೆಯ ಮೇಲೆ ಸಾಸೇಜು, ಬಾಗಿಲಾಚೆ ನಮ್ಮಲ್ಲೂ ಅದೇ, ನಡುವೆ ಸೋಫಾದಲ್ಲಿ ನಾನು, ಮಡಿಲಲ್ಲಿ ಬೀಟ್‌ರೂಟಿನ ಬಟ್ಟಲು. ಮೆಲ್ಬರ್ನ್ ಪೂರ್ತಿ ಇದನ್ನೇ ನೋಡುತ್ತಿದೆಯಂತೆ, ಪೊಲೀಸರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವ ಹೆಂಗಸಿನ ಕಥೆ, ಮೂರನೆಯ ಕಂತು ಇವತ್ತು ಬೆಳಿಗ್ಗೆಯಷ್ಟೇ ಬಂದಿದೆ, ಭಾನುವಾರದ ಊಟಕ್ಕೆ ಬಾರೇ ಲೊರೇನ್, ಜೊತೆಗೇ ನೋಡೋಣ ಅಂದಳು ಗ್ಲೆನಿಸ್, ನನ್ನ ಓರಗಿತ್ತಿ, ಒಲ್ಲೆ ಎನ್ನಲು ನೆಪ ಸಿಗಲಿಲ್ಲ. ಬಾಗಿಲಲ್ಲಿ ಅವಳ ಗಂಡ ನೆವಿಲ್, ನನ್ನ ಭಾವ, ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಟಿ.ವಿ. ಮೇಲೆ, ಕೈಯಲ್ಲಿ ಇಕ್ಕಳ, ಟಕ್ ಟಕ್. ಚಾಡಿಕೋರಿ ಕಣೇ ಇವಳು, ಅನ್ನ ತಿಂದ ಮನೆಗೇ ಕನ್ನ ಹಾಕ್ತಾಳೆ, ನೋಡ್ತಿರು, ಇವಳಿಗೆ ಇದೆ ಹಬ್ಬ! ಟಕ್ ಟಕ್. ಗ್ಲೆನಿಸ್ ನಗುತ್ತಾಳೆ, ನಾನೂ ನಗುತ್ತೇನೆ, ಯಾರಿಗೆ ನಗುತ್ತಿದ್ದೇನೆ ನಾನು, ಚಾಡಿಕೋರಿಗೋ, ನನಗೋ, ಪರದೆಯ ಮೇಲಿನವಳಿಗೆ ಕೆಂಪು ಕೂದಲು, ಕಡ್ಡಿಯಂತಹ ಮೈ, ಅಷ್ಟು ತೆಳ್ಳಗೆ ನಾನು ಯಾವ ಕಾಲದಲ್ಲಿದ್ದೆ.

ಆ ಇಕ್ಕಳವನ್ನು ನೆವಿಲ್ ಯಾರಿಗೂ ಕೊಟ್ಟವನಲ್ಲ, ನಮ್ಮ ಕಡೆ ಯಾರ ಅಂಗಳದಲ್ಲೂ ಅಷ್ಟೇ, ಇಕ್ಕಳ ಹಿಡಿದವನದೇ ಒಲೆ, ಉಳಿದ ಗಂಡಸರು ಬಿಯರ್ ಹಿಡಿದು ಸುತ್ತ ನಿಲ್ಲಬಹುದು, ಕೈ ಹಾಕುವಂತಿಲ್ಲ, ಮಾವ ತೀರಿಕೊಂಡ ದಿನವೇ ನೆವಿಲ್ ಅದನ್ನು ಮೊಳೆಯಿಂದ ತೆಗೆದುಕೊಂಡ, ನನ್ನ ಗಂಡ ರಸ್ ಒಮ್ಮೆ ತಮಾಷೆಗೆ ಮುಟ್ಟಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಏಟು ಬಿತ್ತು, ತಮ್ಮನಾದರೇನು. ಒಂದೇ ಒಂದು ಸಲ ಕೊಟ್ಟ, ನನಗೆ. ಆರು ವರ್ಷವಾಯಿತು, ಗ್ಲೆನಿಸ್ ಅಂದು ತವರಿನಲ್ಲಿದ್ದಳು, ಅಂಗಳದಲ್ಲಿ ನಾವು ಮೂವರೇ, ಬಂದರಿನ ಯಾವುದೋ ಕಂಟೇನರಿನ ವಿಷಯಕ್ಕೆ ಅಣ್ಣ ತಮ್ಮ ಬೆಳಗಿನಿಂದ ಮಾತು ಬಿಟ್ಟಿದ್ದರು, ಆಮೇಲೆ ನೆವಿಲ್ ಇದ್ದಕ್ಕಿದ್ದಂತೆ ನಕ್ಕ, ಇದನ್ನ ಹಿಡ್ಕೋ ಲೊರೇನ್, ರಸ್, ಶೆಡ್ಡಿಗೆ ಬಾರೋ, ಸಿಲಿಂಡರ್ ಎತ್ತಬೇಕು. ಇಕ್ಕಳ ಬಿಸಿಯಾಗಿತ್ತು. ನನಗೆ ಹೆಮ್ಮೆಯಾಯಿತು, ಅಯ್ಯೋ ನನ್ನ ಕರ್ಮವೇ, ಹೆಮ್ಮೆಯಾಯಿತು ನನಗೆ! ಇಪ್ಪತ್ತು ನಿಮಿಷ ಸಾಸೇಜು ಹೊರಳಿಸುತ್ತಾ ನಿಂತೆ, ಸಿಲಿಂಡರೂ ಬರಲಿಲ್ಲ, ರಸ್ಸೂ ಬರಲಿಲ್ಲ, ನೆವಿಲ್ ಒಬ್ಬನೇ ಬಂದ, ಕೈ ತೊಳೆದು ಒರೆಸಿಕೊಳ್ಳುತ್ತಾ. ಹಿಂದಿನ ಓಣಿಯಿಂದ ಹೋದ ಕಣೇ, ಕ್ವೀನ್ಸ್‌ಲ್ಯಾಂಡಿನಲ್ಲಿ ಯಾವಳನ್ನೋ ಇಟ್ಕೊಂಡಿದ್ದಾನೆ, ನಿನಗೆ ಹೇಳಲಿಕ್ಕೆ ಮುಖ ಇಲ್ಲ ಅವನಿಗೆ. ಎಲ್ಲರೂ ನಂಬಿದರು, ನಾನೂ ಎರಡು ವರ್ಷ ನಂಬಿದೆ, ಆಮೇಲೆ ವಿಲಿಯಮ್ಸ್‌ಟೌನಿನ ಕಡಲ ಬದಿಯಲ್ಲಿ, ಕಾರಿನೊಳಗೆ, ಡೆನ್‌ಹಮ್ ಎಂಬ ಪೊಲೀಸ್ ಹೆಂಗಸಿಗೆ ಎಲ್ಲ ಹೇಳಿದೆ, ಇಕ್ಕಳವನ್ನೂ ಹೇಳಿದೆ. ಈ ಮಾತು ಕಾರಿನಿಂದಾಚೆ ಹೋಗಲ್ಲ, ಲೊರೇನ್, ಅಂದಳು. ಹೆಣ ಸಿಗದೆ ಏನೂ ಮಾಡಲಾಗದು ಎಂದಳು, ನಿವೃತ್ತಳಾದಳು, ಈಗ ಟಿ.ವಿ.ಯವರಿಗೆ ಸಲಹೆ ಕೊಡುತ್ತಾಳಂತೆ, ಯಾರು ಹೇಳಿದರು ನನಗೆ, ಪತ್ರಿಕೆಯಲ್ಲಿ ಓದಿದೆನೋ, ಇಲ್ಲ ಈಗ ನಾನೇ ಕಟ್ಟುತ್ತಿದ್ದೇನೋ.

ಯಾಕೆಂದರೆ ಪರದೆಯ ಮೇಲೆ ಆ ದಪ್ಪ ಮೀಸೆಯವನು ಕೆಂಪು ಕೂದಲಿನವಳ ಕೈಗೆ ಇಕ್ಕಳ ಕೊಡುತ್ತಿದ್ದಾನೆ, ಇದನ್ನ ಹಿಡ್ಕೋ, ತಮ್ಮನ ಹೆಗಲ ಮೇಲೆ ಕೈ ಹಾಕಿ ಶೆಡ್ಡಿಗೆ ನಡೆಯುತ್ತಿದ್ದಾನೆ, ಹೋಗಬೇಡ ರಸ್, ಅವನು ರಸ್ ಅಲ್ಲ, ಯಾರೋ ನಟ, ಕಿವಿಯಲ್ಲಿ ಓಲೆ ಇದೆ, ಆದರೂ ಹೋಗಬೇಡ — ಸಾಸೇಜು ಕಪ್ಪಾಗುತ್ತಿವೆ, ಬಾಗಿಲು ಕಿರುಗುಟ್ಟುತ್ತದೆ, ಯಾರದೋ ಧ್ವನಿ ಹೇಳುತ್ತದೆ, ಈಗ ಕೈ ಒರೆಸ್ಕೊಳ್ತಾ ಬರ್ತಾನೆ, ಇಷ್ಟೂ ಸುಟ್ಟು ಹಾಕಿದ್ಯಲ್ಲೇ ಅಂತಾನೆ. ಮೀಸೆಯವನು ಕೈ ಒರೆಸಿಕೊಳ್ಳುತ್ತಾ ಬಂದ. ಇಷ್ಟೂ ಸುಟ್ಟು ಹಾಕಿದ್ಯಲ್ಲೇ ಅಂದ. ಅರೆ, ಇವತ್ತು ತಾನೇ ಬಂದಿರೋದು, ಯಾವಾಗ ನೋಡಿದೆಯೇ ನೀನು? ಗ್ಲೆನಿಸ್ ನನ್ನ ಕಡೆ ತಿರುಗಿದ್ದಾಳೆ. ಆ ಧ್ವನಿ ನನ್ನದು. ನಾನೇ ಹೇಳಿದ್ದು. ಊಹೆ ಮಾಡಿದೆ ಕಣೇ, ಇಂಥ ಕಥೆಗಳೆಲ್ಲ ಹೀಗೇ ಅಲ್ಲವಾ, ಬೀಟ್‌ರೂಟಿನ ನೀರು ಲಂಗದ ಮೇಲೆ ಚೆಲ್ಲಿದೆ, ನೋಡಬಾರದು ಬಾಗಿಲ ಕಡೆ, ಟಕ್ ಟಕ್ ಯಾಕೆ ಕೇಳಿಸುತ್ತಿಲ್ಲ, ಅವನಿಗೆ ಆ ದಿನ ನೆನಪಿರಲಿಕ್ಕಿಲ್ಲ, ಎಲ್ಲರ ಮನೆಯಲ್ಲೂ ಇಕ್ಕಳ ಇರುತ್ತದೆ, ಎಲ್ಲರ ಮನೆಯಲ್ಲೂ ಶೆಡ್ಡು ಇರುತ್ತದೆ, ನಾನು ಹೇಳಿದ್ದು ಟಿ.ವಿ.ಗೆ ಬಂತೋ, ಟಿ.ವಿ.ಯಲ್ಲಿ ಕಂಡದ್ದನ್ನು ನಾನು ನಮ್ಮದೆಂದುಕೊಂಡೆನೋ, ದೇವರೇ, ಹಾಗೇ ಆಗಿರಲಿ, ರಸ್ ಕ್ವೀನ್ಸ್‌ಲ್ಯಾಂಡಿನಲ್ಲಿ ಯಾವಳ ಜೊತೆಗಾದರೂ ಇರಲಿ. ಲೊರೇನ್. ನೆವಿಲ್ ನಗುತ್ತಿದ್ದಾನೆ. ಅವನ ಬೆನ್ನ ಹಿಂದೆ ಒಲೆ ನೀಲಿಯಾಗಿ, ಭರ್ತಿಯಾಗಿ ಉರಿಯುತ್ತಿದೆ. ಬಾರೇ, ಶೆಡ್ಡಿಗೆ ಹೋಗೋಣ, ಸಿಲಿಂಡರ್ ಎತ್ತಬೇಕು. ಅವನು ನನ್ನನ್ನೇ ನೋಡುತ್ತಾ ಇಕ್ಕಳದ ಕೈ ಚಾಚಿದ್ದಾನೆ, ನನ್ನ ಕಡೆಗಲ್ಲ, ಗ್ಲೆನಿಸ್ ಎದ್ದಳು, ಅಯ್ಯೋ, ಇವತ್ತು ನನಗೂ ಬಂತಾ ಯೋಗ, ಮುಖವರಳಿಸಿ ನಗುತ್ತಿದ್ದಾಳೆ, ಹೆಮ್ಮೆ ಅವಳಿಗೆ, ಅವಳ ಕೈಯಲ್ಲಿ ಇಕ್ಕಳ, ಟಕ್ ಟಕ್, ಅವಳ ಕೈಯಲ್ಲಿ ಇಕ್ಕಳ