ಕಡಲಿಲ್ಲದ ಹೊಸ ಭೂಮಿ

ಬೈಬಲಿನ ಕೊನೆಯ ಪುಸ್ತಕ, ಪ್ರಕಟನೆ ಗ್ರಂಥದ ಮೃಗಗಳೆಲ್ಲ ಬರ್ತಾ ಟೀಚರಿಗೆ ಅಂಗೈ ನೆಲ್ಲಿ. ಕಟಪಾಡಿಯ ಚರ್ಚಿನ ಸ್ತ್ರೀ ಸಂಘಕ್ಕೆ ಭಾನುವಾರ ಅವುಗಳ ಅರ್ಥ ಬಿಡಿಸಿ ಹೇಳುವವರು ಅವರೇ. ಅದಕ್ಕೆ ಮೊದಲು ಮನೆಯ ಜಗಲಿಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು. ಕೇಳುವವಳು ಸುಂದರಿ, ಮೀನಿನ ಬುಟ್ಟಿ ಇಳಿಸಿ ಟೀಚರ ಪಾಲಿನ ಬಂಗುಡೆ ಶುಚಿ ಮಾಡಿಕೊಡುವ ಹಳೆಯ ಗೆಳತಿ.

"ಏಳು ತಲೆಗೆ ಹತ್ತು ಕೊಂಬಾ? ಹೇಗೆ ಹಂಚಿಕೊಂಡವು ಟೀಚರ್?"

"ಅದು ಲೆಕ್ಕ ಅಲ್ಲ ಮಾರಾಯ್ತಿ, ಸಂಕೇತ."

ಉತ್ತರ ಹೊಳೆಯದಾಗ ಟೀಚರಿಗೆ ಈ ಪದ ಬಹಳ ಉಪಕಾರಕ್ಕೆ ಬರುತ್ತಿತ್ತು. ಸುಂದರಿ ನಕ್ಕು ಕತ್ತಿಯ ಕೆಲಸ ಮುಂದುವರಿಸುತ್ತಿದ್ದಳು.

ಹಾಗೆ ಓದುತ್ತ ಹೊಸ ಆಕಾಶ, ಹೊಸ ಭೂಮಿಯ ಭಾಗ ಬಂತು. ಅಲ್ಲಿ ಇನ್ನು ಸಮುದ್ರ ಇರುವುದಿಲ್ಲ ಎಂದು ಟೀಚರು ಉತ್ಸಾಹದಿಂದಲೇ ಓದಿದರು. ಸುಂದರಿಯ ಕೈ ನಿಂತಿತು.

"ಕಡಲು ಇಲ್ವಾ? ಅದು ಎಂತ ಮಾಡಿತು ನಿಮಗೆ?"

"ಸಮುದ್ರ ಅಂದರೆ ಕೆಟ್ಟದ್ದರ ಸಂಕೇತ. ಮೃಗ ಬಂದದ್ದೇ ಅಲ್ಲಿಂದ," ಎಂದರು ಟೀಚರು, ಪಾಠ ಒಪ್ಪಿಸುವವರ ಹಾಗೆ.

ಸುಂದರಿ ಕೈ ತೊಳೆದಳು. ಅರ್ಧ ಶುಚಿಯಾದ ಮೀನನ್ನು ಅಲ್ಲೇ ಬಿಟ್ಟು ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನದಿಂದ ಅವಳ ಕೂಗು ಗೇಟಿನ ಮುಂದೆ ಜೋರಾಗಿಯೇ ಕೇಳುತ್ತಿತ್ತು, ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. ಟೀಚರು ಬದನೆ ಸಾರು ಉಂಡರು. ಮನೆಯ ಬೆಕ್ಕು ಅವರನ್ನು ಅಪರಾಧಿಯಂತೆ ನೋಡಿತು. ಮೀನಿಲ್ಲದ್ದು ಹೋಗಲಿ, ಓದಿದರೆ ಕೇಳುವವರಿಲ್ಲದ ಜಗಲಿ ಟೀಚರಿಗೆ ತಡೆಯಲಾಗದಷ್ಟು ಬೇಸರ ತಂದಿತು.

ಚರ್ಚಿನ ಸಭಾಪಾಲಕರಿಗೆ ಫೋನ್ ಮಾಡಿ ಆ ಸಮುದ್ರ ಎಂತ ಎಂದು ಕೇಳಿದರು. "ಅದು ಸಂಕೇತ ಅಲ್ವಾ ಟೀಚರ್," ಎಂದರು ಅವರು. ಆ ಪದ ಕೇಳಿ ಟೀಚರಿಗೆ ಮೊದಲ ಸಲ ಮೈ ಉರಿಯಿತು.

ಸಿಟ್ಟಿನಲ್ಲೇ ಗ್ರಂಥವನ್ನು ಮೊದಲಿನಿಂದ ಓದಿದರು. ದರ್ಶನ ಕಂಡು ಇದನ್ನು ಬರೆದ ಯೋಹಾನ ಕೂತದ್ದು ಎಲ್ಲಿ? ದ್ವೀಪದಲ್ಲಿ, ಗಡಿಪಾರಾಗಿ. ಸುತ್ತ ನೀರು, ಆಚೆ ದಡದಲ್ಲಿ ಅವನ ಜನ. ಇಷ್ಟು ವರ್ಷ ಮೃಗದ ಕೊಂಬು ಎಣಿಸುತ್ತ ಆ ಮನುಷ್ಯನನ್ನೇ ನೋಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿ ನೇರ ಪೇಟೆಗೆ ನಡೆದರು.

ಬಸ್ ನಿಲ್ದಾಣದ ಬದಿಯಲ್ಲಿ ಬುಟ್ಟಿ ಇಟ್ಟು ಕೂತಿದ್ದ ಸುಂದರಿ ಅವರನ್ನು ನೋಡಿ ಮುಖ ತಿರುಗಿಸಿದಳು. ಟೀಚರು ಪಕ್ಕದ ಕಟ್ಟೆಯ ಮೇಲೆ ಕೂತೇಬಿಟ್ಟರು.

"ನಾನು ಹೇಳಿದ್ದು ಸರಿಯಲ್ಲ ಸುಂದರಿ. ಅದನ್ನು ಬರೆದವನನ್ನು ದ್ವೀಪದಲ್ಲಿ ಬಿಟ್ಟಿದ್ದರು. ಮನೆಯವರಿಗೂ ಅವನಿಗೂ ನಡುವೆ ಇದ್ದದ್ದು ಅದೊಂದೇ, ನೀರು."

ಸುಂದರಿ ಬುಟ್ಟಿಯ ಮೇಲಿನ ನೊಣ ಓಡಿಸಿದಳು. "ಯಾರೂ ಒಂದು ದೋಣಿ ಕಳಿಸಲಿಲ್ವಾ?"

"ಬರೆದಿಲ್ಲ."

"ಎಂಥ ಜನ," ಎಂದು ಸುಂದರಿ ಆ ದಡದವರ ಮೇಲೆ ಸಿಟ್ಟಾದಳು. ಆಮೇಲೆ ದನಿ ತಗ್ಗಿಸಿದಳು. "ನಮ್ಮ ಧರ್ಮಪಾಲಣ್ಣನ ದೋಣಿ ಗಾಳಿಗೆ ಸಿಕ್ಕಿದ ದಿನ ನಾನೂ ದಡದಲ್ಲಿ ನಿಂತು ಕಡಲಿಗೆ ಹೇಳಿದ್ದೆ, ನೀನು ಬತ್ತಿ ಹೋಗು ಎಂದು. ಅಣ್ಣ ಬಂದ ಮೇಲೆ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ತಪ್ಪು ಕೇಳಿದೆ. ಆ ಪುಣ್ಯಾತ್ಮನೂ ಕೇಳಿರಬೇಕು. ಬರೆಯಲು ಬಿಟ್ಟುಹೋಗಿದೆ."

ಟೀಚರ ನಾಲಿಗೆಯ ತುದಿಗೆ ಸಂಕೇತ ಬಂದಿತ್ತು. ನುಂಗಿಕೊಂಡರು.

ಮರುದಿನ ಬುಟ್ಟಿ ಜಗಲಿಗೆ ಇಳಿಯಿತು. ಬೆಕ್ಕು ಮೊದಲೇ ಬಂದು ಕೂತಿತ್ತು. ಟೀಚರು ಬಿಟ್ಟಲ್ಲಿಂದ ಮುಂದೆ ಓದಿದರು. ಹೊಸ ಪಟ್ಟಣದ ನಡುವೆ, ದೇವರ ಸಿಂಹಾಸನದಿಂದ ಹೊರಟ ಒಂದು ನದಿ, ಸ್ಫಟಿಕದಂತೆ ತಿಳಿಯಾದ ನೀರು. ಓದುತ್ತಿದ್ದವರು ತಟ್ಟನೆ ನಿಂತರು. ಉದ್ಯಾವರದ ಹೊಳೆ, ಹೂಡೆಯ ಹೊಳೆ, ಅವರು ಕಂಡ ಹೊಳೆಗಳೆಲ್ಲ ಪಡುವಣ ಕಡಲಿಗೇ ಹರಿಯುತ್ತಿದ್ದವು.

"ಯಾಕೆ ನಿಲ್ಲಿಸಿದ್ದು ಟೀಚರ್?"

"ಆ ನದಿ ಹೋಗಿ ಎಲ್ಲಿ ಸೇರುತ್ತದೆ ಎಂದು ಇದರಲ್ಲಿ ಬರೆದಿಲ್ಲ."

ಸುಂದರಿ ಬಂಗುಡೆಯಿಂದ ಕಣ್ಣೆತ್ತಲಿಲ್ಲ.

"ಎಲ್ಲರಿಗೂ ಗೊತ್ತಿರುವುದನ್ನು ಯಾಕೆ ಬರೆಯುವುದು," ಎಂದಳು.