ನಲವತ್ತೇಳಕ್ಕೆ ಬೆಳ್ಳಿ

“ಡಾಕ್ಟ್ರೇ, ಕಬ್ಬಿಣದ ಸಂಕೇತ ಏನ್ರೀ?” ಎಂದು ಮ್ಯಾನೇಜರು ಬಾಗಿಲಿನಿಂದಲೇ ಕೇಳಿದಾಗ ಅವನ ಎದೆ ಧಸಕ್ಕೆಂದಿತು.

ಗೊತ್ತಿಲ್ಲ ಅಂತಲ್ಲ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಲೆ ನರೆಸಿಕೊಂಡ ಆಸಾಮಿ. ಆದರೆ ಕಂಪ್ಯೂಟರನ್ನು ಕೇಳದೆ ಬಾಯಿ ಬಿಡುವ ಧೈರ್ಯ ಎಂದೋ ಹೋಗಿತ್ತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ರಸಾಯನಶಾಸ್ತ್ರದ್ದೊಂದು ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಮುಗಳ ಕಂತೆ, ಇದೆ. ಪರಮಾಣು ಸಂಖ್ಯೆ ಕೊಟ್ಟರೆ ಧಾತುವಿನ ಸಂಕೇತ ಕೊಡುತ್ತದೆ, ಮುಖ ಸಿಂಡರಿಸುವುದಿಲ್ಲ. ಇಪ್ಪತ್ತಾರು ಒತ್ತಿದ.

“ಎಫ್‌ಇ, ಸರ್.”

“ಇದನ್ನ ಸ್ಕೂಲ್ ಮಕ್ಕಳೂ ಹೇಳ್ತಾರಲ್ರೀ!”

“ಹೇಳ್ತಾರೆ ಸರ್. ಆದ್ರೆ ನೋಡದೇ ಹೇಳ್ತಾರೆ.”

ಮ್ಯಾನೇಜರು ಹಣೆ ಚಚ್ಚಿಕೊಂಡು ಹೋದರು.

ಬೆಳಗ್ಗೆ ಹೆಂಡತಿಗೂ ಹಾಗೇ ಮಾಡಿದ್ದ. ಬ್ಯಾಂಕಿನವರು ಅವಳಿಗೆ ಬಡ್ತಿ ಕೊಟ್ಟಿದ್ದರು, ದೂರದ ಊರಿಗೆ. ಇವತ್ತೇ ಉತ್ತರ ಹೇಳಬೇಕು. “ಹೋಗ್ಲಾ, ಬೇಡ್ವಾ?” ಎಂದಳು. “ನೋಡಿ ಹೇಳ್ತೀನಿ,” ಎಂದ. ಎಲ್ಲಿ ನೋಡುತ್ತೀರಿ ಎಂದು ಪುಣ್ಯಾತ್ಗಿತ್ತಿ ಕೇಳಲಿಲ್ಲ. ಬೇಡ ಅಂತಲೇ ಅವನ ಮನಸ್ಸಿನಲ್ಲಿತ್ತು. ಅವಳಿಲ್ಲದ ಮನೆಯನ್ನು ನೆನೆಯುವುದೂ ಅವನಿಂದಾಗುತ್ತಿರಲಿಲ್ಲ. ಆದರೆ ಹಾಳಾದ್ದು, ಬಾಯಿಗೆ ಬರಬೇಕಲ್ಲ!

ಮಧ್ಯಾಹ್ನ ಪಕ್ಕದ ಮೇಜಿನ ದಢೂತಿ ಸಹೋದ್ಯೋಗಿ ಊಟದ ಡಬ್ಬಿ ಹಿಡಿದು ಬಂದ. “ನಿಮ್ಮ ವಯಸ್ಸು ಹಾಕ್ರೀ, ನೀವ್ಯಾವ ಲೋಹ ನೋಡೋಣ.”

ಐವತ್ತು ಹಾಕಿದ. ತವರ.

“ಅಯ್ಯೋ, ಡಬ್ಬಕ್ಕೆ ಬಳಿಯೋದು!” ದಢೂತಿಗೆ ನಕ್ಕು ನಕ್ಕು ನೆತ್ತಿಗೇರಿತು. “ಮನೆಯವ್ರದ್ದು?”

ನಲವತ್ತೇಳು. ಎಜಿ. ಬೆಳ್ಳಿ!

ಅವನಿಗೆ ಎಲ್ಲಿಲ್ಲದ ಖುಷಿಯಾಯಿತು. ಲೈಬ್ರರಿಯೇ ಹೇಳಿದ ಮೇಲೆ ಇನ್ನೇನು? ಕೂಡಲೇ ಫೋನ್ ಮಾಡಿದ.

“ನೀನು ಬೆಳ್ಳಿ ಕಣೇ.”

“ಏನು?”

“ನಲವತ್ತೇಳು ಹಾಕಿದ್ರೆ ಬೆಳ್ಳಿ ಬರುತ್ತೆ. ನಾನು ತವರ.”

ಆ ಕಡೆ ಬ್ಯಾಂಕಿನ ಪ್ರಿಂಟರು ಸದ್ದು ಮಾಡುತ್ತಿತ್ತು. ಅದರ ನಡುವೆಯೇ ಅವಳು ಕೇಳಿದಳು: “ಬೆಳಗ್ಗೆ ನಾನು ಕೇಳಿದ್ದು?”

“ಅದೇ... ನೋಡ್ತಾ ಇದೀನಿ.”

“ನೋಡ್ತಾ ಇರಿ. ನಾನು ಹೂಂ ಅಂದ್ಬಿಟ್ಟೆ.”

“ಒಳ್ಳೇದಾಯ್ತು,” ಎಂದ. ಎಂಥಾ ಮಾತು! ನಾಲಿಗೆ ಕಚ್ಚಿಕೊಂಡ. “ಸಾಮಾನು ಕಟ್ಟೋಕೆ ಬೇಗ ಬರ್ತೀನಿ.”

“ನೀವೇ ಬರ್ಬೇಕು ಅಂತೇನಿಲ್ಲ. ಯಾರಾದ್ರೂ ಆಗುತ್ತೆ ಬಿಡಿ.” ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸಿಟ್ಟಾದರೂ ಇರಬಾರದಿತ್ತೇ ಅನ್ನಿಸಿತು.

ದಢೂತಿ ಕೈ ತೊಳೆಯಲು ಹೋಗಿದ್ದ. ಇವನು ಸುಮ್ಮನೆ ಸೊನ್ನೆ ಒತ್ತಿದ. ಸೊನ್ನೆಗೆ ಎಲ್ಲಿಯ ಧಾತು? ಯಂತ್ರ ಬೈಯುತ್ತದೆ ಅಂದುಕೊಂಡ. ಬೈಯಲಿಲ್ಲ, ಮರ್ಯಾದೆಯಿಂದ ಒಂದು ನಕ್ಷತ್ರ ಚಿಹ್ನೆ ಬರೆಯಿತು. ಹಾಗೆಂದರೇನು ಎಂದು ಹುಡುಕಿ ಓದಿದ. ಅದು ಪರಮಾಣುವೇ ಅಲ್ಲವಂತೆ, ಪರಮಾಣುವಿನ ಖಾಲಿ ಜಾಗವಂತೆ. ಯಾವುದು ಬಂದು ಕೂತರೂ ನಡೆಯುತ್ತದಂತೆ.

ಯಾರಾದ್ರೂ ಆಗುತ್ತೆ ಅಂದಿದ್ದಳಲ್ಲ ಅವಳು! ಅವನು ಧಡಕ್ಕನೆ ಎದ್ದ. ಚಕ್ರದ ಕುರ್ಚಿ ಹಿಂದಕ್ಕೆ ಉರುಳಿ, ತನ್ನಷ್ಟಕ್ಕೆ ಅರ್ಧ ಸುತ್ತು ತಿರುಗಿ, ಬಾಗಿಲ ಕಡೆ ಮುಖ ಮಾಡಿ ನಿಂತಿತು.